ನಂಬರ್ ಪ್ಲೇಟ್ ಮುಚ್ಚಿದರೂ ಕಾರು ಯಾವ ಕಡೆಯದು ಅಂತ ಗೊತ್ತಾಗುತ್ತದಲ್ಲ, ಹೇಗೆ?

ನಿಂತಗಾಡಿ (ಪ್ರಶ್ನೆ)

ಬೇರೆ ಬೇರೆ ದೇಶಗಳ ನಿಂತ ಕಾರುಗಳ ಫೋಟೊಗಳನ್ನು ಒಂಬತ್ತು ವರ್ಷದಿಂದ ಕೂಡಿಡುತ್ತಾ ಬಂದಿದ್ದೇನೆ. ಕೆಲವು ನಾನೇ ತೆಗೆದವು, ಹೆಚ್ಚಿನವು ಗೆಳೆಯರು ಕಳಿಸಿದವು. ಮೊನ್ನೆ ಎಲ್ಲವನ್ನೂ ಹರಡಿಕೊಂಡು, ನಂಬರ್ ಪ್ಲೇಟಿನ ಮೇಲೆ ಬೆರಳಿಟ್ಟು ನೋಡಿದೆ. ಹತ್ತರಲ್ಲಿ ಏಳೆಂಟು ಫೋಟೊಗಳಿಗೆ ಇದು ಇಂಥ ಕಡೆಯದೇ ಅಂತ ಹೇಳಲು ಸಾಧ್ಯವಾಯಿತು. ಒಂದು ಕಡೆ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ, ಇನ್ನೊಂದು ಕಡೆ ಟೈರು ಸೊಂಟದ ಎತ್ತರ ಬರುತ್ತದೆ. ಕಾರು ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟೇ ಇರುವಾಗ ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು? "ಆ ಜನರ ಅಭಿರುಚಿ" ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಆ ಅಭಿರುಚಿ ಹುಟ್ಟಿದ್ದು ಯಾಕೆ ಅನ್ನುವುದೇ ನನ್ನ ಪ್ರಶ್ನೆ.

ಪಾನಾಹಿಡಿದಕೈ

ಇಪ್ಪತ್ತಾರು ವರ್ಷದಿಂದ ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದೇನೆ, ಹೆಚ್ಚಾಗಿ ಸಸ್ಪೆನ್ಷನ್ ಕೆಲಸ. ನನಗೆ ಕಾರು ಮೊದಲು ಕಾಣುವುದು ಕೆಳಗಿನಿಂದ. ಎಲ್ಲಿ ವೆಲ್ಡಿಂಗ್ ಆಗಿದೆ, ಯಾವ ಭಾಗ ಬೇರೆ ಗಾಡಿಯಿಂದ ಕಿತ್ತು ತಂದದ್ದು, ಎಷ್ಟು ಕೈಗಳು ಅದನ್ನು ಮುಟ್ಟಿವೆ, ಎಲ್ಲ ಅಲ್ಲಿರುತ್ತದೆ. ಅದರಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಒಂದು ಪ್ರದೇಶದ ಕಾರುಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿ ಏನು ಸಿಗುತ್ತಿರಲಿಲ್ಲ, ಯಾವುದು ಕೂಡದು ಅಂದಿದ್ದರು ಅನ್ನುವುದನ್ನು ಮೊದಲು ವಿಚಾರಿಸಿ.

ನೀವು ಹೇಳಿದ ಹೊಟ್ಟೆ ನೆಲಕ್ಕೆ ತಾಗುವ ಕಾರು ದಕ್ಷಿಣ ಕ್ಯಾಲಿಫೋರ್ನಿಯಾದ ಲೋರೈಡರ್ ಇರಬೇಕು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಮೆಕ್ಸಿಕನ್ ಮೂಲದ ಹುಡುಗರು ಕಾರು ತಗ್ಗಿಸಲು ಡಿಕ್ಕಿಯಲ್ಲಿ ಮರಳಿನ ಚೀಲ ಹೇರುತ್ತಿದ್ದರು, ಇಲ್ಲವೇ ಸ್ಪ್ರಿಂಗಿನ ಸುರುಳಿ ಕತ್ತರಿಸುತ್ತಿದ್ದರು. 1950ರ ದಶಕದ ಕೊನೆಗೆ ಕಾನೂನು ಬಂತು: ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ಇಳಿಯಬಾರದು. ಕತ್ತರಿಸಿದ ಸ್ಪ್ರಿಂಗನ್ನು ಮತ್ತೆ ಉದ್ದ ಮಾಡಲಾಗುತ್ತದೆಯೇ? ಆಗ ಅವರು ವಿಮಾನದ ಗುಜರಿಯಲ್ಲಿ ಸಿಕ್ಕ ಹೈಡ್ರಾಲಿಕ್ ಪಂಪು, ಸಿಲಿಂಡರುಗಳನ್ನು ತಂದು ಜೋಡಿಸಿದರು. ಸ್ವಿಚ್ ಒತ್ತಿದರೆ ಕಾರು ಕಾನೂನು ಒಪ್ಪುವ ಎತ್ತರಕ್ಕೆ ಏಳುತ್ತದೆ, ಪೊಲೀಸರು ಹೋದ ಮೇಲೆ ಮತ್ತೆ ಕೂರುತ್ತದೆ. ಮುಂದೆ ಅದೇ ಪಂಪಿನಿಂದ ಕಾರನ್ನು ಕುಣಿಸುವ ವಿದ್ಯೆ ಬೆಳೆಯಿತು. 1958ರಿಂದ 64ರವರೆಗಿನ ಶೆವ್ರೊಲೆ ಇಂಪಾಲಾ ಅವರಿಗೆ ಅಷ್ಟು ಪ್ರೀತಿಯಾದದ್ದರಲ್ಲಿ ಚಾಸಿಯದೂ, ಅಂದರೆ ಕಾರನ್ನು ಹೊತ್ತ ಅಡಿ ಚೌಕಟ್ಟಿನದೂ, ಪಾಲಿದೆ. ಅದು ಎಕ್ಸ್ ಅಕ್ಷರದಂತೆ ನಡುವಿನಲ್ಲಿ ಕೂಡಿಕೊಳ್ಳುತ್ತದೆ, ತಗ್ಗಿಸುವ ಕೆಲಸಕ್ಕೆ ಒಗ್ಗುತ್ತದೆ. ಹೈಡ್ರಾಲಿಕ್ ಜೋಡಣೆಯನ್ನು ಒಮ್ಮೆ ನಾನೂ ಮಾಡಿದ್ದೇನೆ. ಪಂಪು ಕೂರಿಸಿದ್ದು ಸಲೀಸು. ಅದರ ಪೆಟ್ಟು ತಾಳುವಂತೆ ಚಾಸಿಗೆ ಪಟ್ಟಿ ವೆಲ್ಡ್ ಮಾಡುವುದರಲ್ಲಿ ಎರಡು ತಿಂಗಳು ಹೋಯಿತು. ಅವರ ಕೆಲಸದ ಮೇಲೆ ನನಗೆ ಗೌರವ ಬಂದದ್ದು ಆ ಎರಡು ತಿಂಗಳಲ್ಲಿ.

ಸ್ವೀಡನ್ನಿನದು ಇನ್ನೊಂದು ಬಗೆ. ಯುದ್ಧಕಾಲದಲ್ಲಿ ಟ್ರ್ಯಾಕ್ಟರಿನ ಅಭಾವವಿತ್ತು, 1940ರಲ್ಲಿ ಹಳೆ ಕಾರನ್ನೇ ಟ್ರ್ಯಾಕ್ಟರ್ ಮಾಡಿಕೊಳ್ಳಲು ನಿಯಮ ಬಂತು. ಯುದ್ಧ ಮುಗಿಯಿತು, ನಿಜವಾದ ಟ್ರ್ಯಾಕ್ಟರ್ ಬಂತು, ನಿಯಮ ಮಾತ್ರ ಉಳಿಯಿತು. ಗಂಟೆಗೆ 30 ಕಿಲೋಮೀಟರಿಗಿಂತ ಜೋರಾಗಿ ಓಡದ ಹಾಗೆ ಬದಲಾಯಿಸಿದ ಕಾರನ್ನು ಹದಿನೈದು ವರ್ಷದವರೂ ಮೊಪೆಡ್ ಲೈಸೆನ್ಸಿನಲ್ಲಿ ಓಡಿಸಬಹುದು. ಮನೆಗಳು ದೂರ ದೂರ, ಬಸ್ಸು ಅಪರೂಪ. ಅಂಥ ಕಡೆ ಹುಡುಗ ಹುಡುಗಿಯರಿಗೆ ಇದು ಎಷ್ಟು ದೊಡ್ಡ ಸ್ವಾತಂತ್ರ್ಯ ಅಂತ ಯೋಚಿಸಿ. ಹಿಂಬದಿ ಕತ್ತರಿಸಿ, ಸಾಮಾನು ತೊಟ್ಟಿ ಕೂರಿಸಿ, ದೊಡ್ಡ ಸ್ಪೀಕರ್ ಹಾಕಿ, ನಿಧಾನವಾಹನದ ಕೆಂಪು ತ್ರಿಕೋನ ಹಿಂದೆ ತಗುಲಿಸಿ ಹೊರಡುತ್ತಾರೆ. 2023ರಿಂದ ಸೀಟ್ ಬೆಲ್ಟ್ ಕಡ್ಡಾಯವಾಯಿತು, ಅದು ಆಗಲೇಬೇಕಿತ್ತು. ಹದಿನೈದನೇ ವಯಸ್ಸಿಗೆ ಒಂದು ಕಾರನ್ನು ಬಿಚ್ಚಿ ಜೋಡಿಸುವ ಕಾರಣ ಸಿಕ್ಕವರು ಮುಂದೆ ಎಂಥ ಮೆಕ್ಯಾನಿಕ್ ಆಗಬಹುದು ಅಂತ ನನಗೆ ಆಸೆಯಾಗುತ್ತದೆ.

ಕ್ಯೂಬಾದ ಹಳೆ ಅಮೆರಿಕನ್ ಕಾರುಗಳು ಎಲ್ಲರಿಗೂ ಗೊತ್ತು. ಆದರೆ ಎಲ್ಲರೂ ಅಮೆರಿಕದ ದಿಗ್ಬಂಧನದ ಮಾತಾಡುತ್ತಾರೆ, ಅಲ್ಲಿನದೇ ಕಾನೂನನ್ನು ಬಿಟ್ಟುಬಿಡುತ್ತಾರೆ. 2011ರವರೆಗೆ ಜನ ತಮ್ಮತಮ್ಮೊಳಗೆ ಮುಕ್ತವಾಗಿ ಮಾರಿಕೊಳ್ಳಬಹುದಾಗಿದ್ದದ್ದು 1959ರ ಕ್ರಾಂತಿಗೂ ಮುಂಚಿನ ಕಾರುಗಳನ್ನು ಮಾತ್ರ. ಹಳೆ ಗಾಡಿಯ ಜೀವ ಉಳಿಸಿದ್ದರಲ್ಲಿ ಇದರದೂ ದೊಡ್ಡ ಪಾಲು. ಎಷ್ಟೋ ಕಾರುಗಳ ಬಾನೆಟ್ ಎತ್ತಿದರೆ ಒಳಗಿರುವುದು ಬೇರೆ ದೇಶದ ಡೀಸೆಲ್ ಎಂಜಿನ್.

ಜಪಾನಿನಲ್ಲಿ "ಕೇ" ಅನ್ನುವ ಪುಟ್ಟ ಕಾರುಗಳದೂ ಅದೇ ದಾರಿ: ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಅದರೊಳಗೆ ಇದ್ದರೆ ತೆರಿಗೆ ಹಗುರ. ಆ ಡಬ್ಬಿಯ ಅಳತೆ ಇನ್ನೂ ಚಿಕ್ಕದಿದ್ದಾಗಲೇ, 1991ರಲ್ಲಿ, ಅದರೊಳಗೆ ಹೋಂಡಾ ಬೀಟ್ ಬಂತು, ಎಂಜಿನ್ ಸೀಟಿನ ಹಿಂದೆ, ತಲೆಯ ಮೇಲೆ ಆಕಾಶ.

ಸಂಜೆಸವಾರಿ

ಪಾನಾ ಅವರೇ, ಬರೆದದ್ದು ಬಹಳ ಹಿಡಿಸಿತು. ಒಂದು ಕಡೆ ಮಾತ್ರ ಒಪ್ಪಲಾರೆ. ರಿಮ್ಮಿನ ಕಾನೂನು ಇಡೀ ಕ್ಯಾಲಿಫೋರ್ನಿಯಾಕ್ಕೆ ಒಂದೇ ಇತ್ತು. ಅದೇ ರಾಜ್ಯದಲ್ಲಿ, ಅದೇ ವರ್ಷಗಳಲ್ಲಿ, ಹಳೆ ಕಾರನ್ನು ವೇಗಕ್ಕಾಗಿ ಬದಲಾಯಿಸುವ ಹಾಟ್ ರಾಡ್ ಹುಡುಗರು ಒಣಗಿದ ಸರೋವರಗಳ ತಳದಲ್ಲಿ ವೇಗದ ದಾಖಲೆ ಬೆನ್ನಟ್ಟುತ್ತಿದ್ದರು. ಕಾನೂನು ಪಂಪು ಹಾಕಿಸಿತು, ಸರಿ. ಅದಕ್ಕೂ ಮೊದಲು ಮರಳಿನ ಚೀಲ ಹೇರಿಸಿದ್ದು ಯಾವುದು?

ನನಗೆ ಅನ್ನಿಸುವುದು, ಲೋರೈಡರ್ ಹುಡುಗರಿಗೆ ಜನರ ಕಣ್ಣಿಗೆ ಬೀಳಬೇಕಿತ್ತು. ಊರಿನಲ್ಲಿ ತಮಗೆ ಜಾಗ ಕೊಡದವರ ಮುಂದೆಯೇ, ಪೂರ್ವ ಲಾಸ್ ಏಂಜಲೀಸಿನ ವಿಟ್ಟಿಯರ್ ಬುಲೆವಾರ್ಡಿನಲ್ಲಿ, ನಡೆಯುವವರ ವೇಗದಲ್ಲಿ, ಇಡೀ ಕುಟುಂಬ ಕೂತು ಹೋಗುವುದು. "ಬಹಿತೊ ಇ ಸುವಾವೆಸಿತೊ" ಅನ್ನುತ್ತಾರೆ: ತಗ್ಗಾಗಿ, ಮೆತ್ತಗೆ. ಬಾನೆಟ್ಟಿನ ಮೇಲೆ ಮೆಕ್ಸಿಕನ್ನರು ಆರಾಧಿಸುವ ಗ್ವಾದಲೂಪೆಯ ಮೇರಿ ಮಾತೆಯ ಚಿತ್ರ ಬರೆಸಿದವನು ಅದನ್ನು ನೂರರ ವೇಗದಲ್ಲಿ ಓಡಿಸುತ್ತಾನೆಯೇ? ಹೀಗೆ ಸುತ್ತು ಹೊಡೆಯುವುದನ್ನೇ ಎಷ್ಟೋ ನಗರಗಳು ನಿಷೇಧಿಸಿದವು. ಆ ನಿಷೇಧಗಳಿಗೆ ರಾಜ್ಯದ ಕಾನೂನು ಕೊನೆ ಹಾಡಿದ್ದು 2024ರ ಜನವರಿ 1ರಿಂದ. ತಗ್ಗಿಸಿದ ಕಾರಿನ ಮೇಲಿದ್ದ ಆ ಹಳೆ ಕಟ್ಟೂ ಅದರ ಜೊತೆಗೇ ಹೋಯಿತು. ಅಷ್ಟು ವರ್ಷ ಹಟ ಹಿಡಿದು ಉಳಿಸಿಕೊಂಡದ್ದು ಪಂಪನ್ನಲ್ಲ, ಆ ಸಂಜೆಯನ್ನು.

ನನ್ನ ತಂದೆ ಕಾರು ತೊಳೆದ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು, ಎಲ್ಲಿಗೂ ಅಲ್ಲದೆ, ಸುಮ್ಮನೆ ಒಂದು ಸುತ್ತು ಬರುತ್ತಿದ್ದರು. ಕಿಟಕಿ ಇಳಿಸಿಯೇ ಇರಬೇಕಿತ್ತು. ಅವರಿಗೆ ಯಾವ ಕಾನೂನೂ ಅಡ್ಡ ಬಂದಿರಲಿಲ್ಲ.

ಪಾನಾಹಿಡಿದಕೈ

ನಿಮ್ಮ ತಂದೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಪ್ಪಿದೆ. ಆಸೆ ಮೊದಲು, ಅಡ್ಡಿ ಆಮೇಲೆ. ಆ ಆಸೆ ಯಾವ ಆಕಾರ ತಾಳುತ್ತದೆ ಅನ್ನುವುದನ್ನು ಅಡ್ಡಿ ತೀರ್ಮಾನಿಸುತ್ತದೆ, ಇಷ್ಟಕ್ಕೆ ನನ್ನ ಮಾತನ್ನು ಇಳಿಸಿಕೊಳ್ಳುತ್ತೇನೆ.

ಇನ್ನೊಂದು ನೆನಪಾಯಿತು. ಕಟ್ಟುಪಾಡು ಸರ್ಕಾರದಿಂದಲೇ ಬರಬೇಕಿಲ್ಲ. ಫಿನ್ಲೆಂಡಿನಲ್ಲಿ "ಎಲ್ಲರ ದರ್ಜೆ" ಅನ್ನುವ ಅರ್ಥದ ಹೆಸರಿನ ಒಂದು ರೇಸು ಇದೆ. ರೇಸು ಮುಗಿದ ಮೇಲೆ ನಿಗದಿ ಮಾಡಿದ ಬೆಲೆಗೆ ನಿಮ್ಮ ಕಾರನ್ನು ಬೇರೆಯವರು ಕೇಳಬಹುದು, ಕೇಳಿದರೆ ನೀವು ಕೊಡಲೇಬೇಕು. ಹಾಗಾಗಿ ಯಾರೂ ಕಾರಿಗೆ ದುಡ್ಡು ಸುರಿಯುವುದಿಲ್ಲ, ಓಡಿಸುವ ಕೈ ಪಳಗುತ್ತದೆ. ರೇಸಿನವರು ತಮಗೆ ತಾವೇ ಹಾಕಿಕೊಂಡ ಕಟ್ಟು ಅದು.

ನಿಂತಗಾಡಿ

ಇಬ್ಬರಿಗೂ ಕೃತಜ್ಞ. ಸೊಂಟದೆತ್ತರದ ಟೈರಿನದು ಐಸ್‌ಲೆಂಡ್. ಅದರ ಕಥೆ ಏನು?

ಪಾನಾಹಿಡಿದಕೈ

ಅಲ್ಲಿ ಅಡ್ಡಿ ಮಾಡಿದ್ದು ಹಿಮ. 38 ಇಂಚು, ಅದಕ್ಕೂ ದೊಡ್ಡ ಟೈರು ಹಾಕಿ, ಒಳಗಿನ ಗಾಳಿಯ ಒತ್ತಡವನ್ನು ಐದು ಪಿಎಸ್‌ಐಗಿಂತಲೂ ಕೆಳಗೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಗಾಡಿ ಹಿಮದಲ್ಲಿ ಹೂಳದೆ ಮೇಲೆ ತೇಲಿದ ಹಾಗೆ ಹೋಗುತ್ತದೆ. ಅಷ್ಟು ದೊಡ್ಡ ಟೈರು ತಿರುಗಲು ಮಡ್‌ಗಾರ್ಡ್ ಕತ್ತರಿಸಲೇಬೇಕು. ನಿಮ್ಮ ಫೋಟೊದಲ್ಲಿ ಚಕ್ರದ ಮೇಲಿನ ಅಂಚು ಕಾಣುತ್ತಿದ್ದರೆ ದಯವಿಟ್ಟು ಹತ್ತಿರದಿಂದ ಕತ್ತರಿಸಿ ಹಾಕಿ. ಎಷ್ಟು ತಗಡು ತೆಗೆದಿದ್ದಾರೆ, ಅಂಚನ್ನು ಹೇಗೆ ಮಡಿಸಿದ್ದಾರೆ ಅಂತ ನೋಡಬೇಕು.