ಸಹಾಯ ಬೇಕು: ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಮುನ್ನ ಏನೇನು ಪರಿಶೀಲಿಸಬೇಕು?

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಸಣ್ಣ ಸೇವಾ ಸಂಸ್ಥೆಯೊಂದರಲ್ಲಿ ಸ್ವಯಂಸೇವಕರ ಆಯ್ಕೆಯ ಹೊಣೆ ಈಗ ನನ್ನ ಮೇಲಿದೆ. ಇದುವರೆಗೆ ಪರಿಚಯಸ್ಥರ ಮಾತಿನ ಮೇಲೆಯೇ ಜನರನ್ನು ಸೇರಿಸಿಕೊಳ್ಳುತ್ತಿದ್ದೆವು. ಅಪರಿಚಿತರಿಂದಲೂ ಅರ್ಜಿಗಳು ಬರತೊಡಗಿರುವುದರಿಂದ ಲಿಖಿತ ಕ್ರಮವೊಂದನ್ನು ರೂಪಿಸಬೇಕಾಗಿದೆ.

ಕರಪತ್ರ ಹಂಚುವವರಿಗೂ ಮಗುವಿನ ಪಕ್ಕದಲ್ಲಿ ಕುಳಿತು ಓದಿಸುವವರಿಗೂ ಒಂದೇ ಜರಡಿ ಹಿಡಿದರೆ ಮೊದಲಿನವರು ಬೇಸತ್ತು ಹೋಗುತ್ತಾರೆ, ಎರಡನೆಯವರ ವಿಷಯದಲ್ಲಿ ಕೇಳಬೇಕಾದಷ್ಟನ್ನು ನಾವು ಕೇಳಿರುವುದಿಲ್ಲ. ಪೊಲೀಸ್ ಪರಿಶೀಲನಾ ಪತ್ರವೊಂದಿದ್ದರೆ ಸಾಕೆಂದು ನಮ್ಮ ಕೆಲವು ಪದಾಧಿಕಾರಿಗಳ ವಾದ. ಆದರೆ ಅದು ದಾಖಲಾದ ಪ್ರಕರಣಗಳನ್ನಷ್ಟೇ ತೋರಿಸುತ್ತದೆಯೇ ಹೊರತು, ದೂರೇ ದಾಖಲಾಗದವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಅರ್ಜಿದಾರರ ಬಂಧುಗಳಲ್ಲದ, ಅವರನ್ನು ಬಲ್ಲ ಇಬ್ಬರು ಪರಿಚಿತರೊಂದಿಗೆ ಫೋನಿನಲ್ಲಿ ಮಾತನಾಡುವುದು, ಮುಖಾಮುಖಿ ಸಂದರ್ಶನ, ಆರಂಭದಲ್ಲಿ ಹಳಬರ ಜೊತೆಯಲ್ಲೇ ಕೆಲಸ, ಯಾರೂ ಮಗುವಿನೊಂದಿಗೆ ಒಬ್ಬರೇ ಇರಕೂಡದೆಂಬ ನಿಯಮ, ಇವಿಷ್ಟನ್ನು ಕರಡಿನಲ್ಲಿ ಸೇರಿಸಿದ್ದೇನೆ. ಕೊನೆಯದು ಸಂದರ್ಶನಕ್ಕಿಂತ ಮುಖ್ಯವೆಂದೇ ನನ್ನ ಭಾವನೆ.

ಅನುಭವವುಳ್ಳವರಿಂದ ಕೆಲವು ವಿಷಯಗಳು ತಿಳಿಯಬೇಕಿವೆ. "ಇವರ ಬಳಿ ನಿಮ್ಮ ಮಗುವನ್ನು ಬಿಡುತ್ತೀರಾ?" ಎಂದು ನೇರವಾಗಿ ಕೇಳಿದಾಗ ಪರಿಚಿತರು ಉತ್ತರಿಸಲು ತಡವರಿಸಿದರೆ ಅದಕ್ಕೆ ಎಷ್ಟು ಬೆಲೆ ಕೊಡುತ್ತೀರಿ? ವರ್ಷಗಳಿಂದ ದುಡಿಯುತ್ತಿರುವವರಿಗೂ ಇದೇ ಪರಿಶೀಲನೆಯನ್ನು, ಅವರ ಮನಸ್ಸು ನೋಯದಂತೆ, ಹೇಗೆ ಅನ್ವಯಿಸಿದಿರಿ? ಆಯ್ಕೆಯಾಗದ ಅರ್ಜಿದಾರರಿಗೆ ಕಾರಣ ತಿಳಿಸುತ್ತೀರಾ, ಅವರ ಗುರುತಿನ ಚೀಟಿಯ ಪ್ರತಿಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ? ನಿಮ್ಮಲ್ಲಿ ಬಳಕೆಯಲ್ಲಿರುವ ಅರ್ಜಿ ನಮೂನೆ ಅಥವಾ ಸಂದರ್ಶನದ ಪ್ರಶ್ನಾವಳಿಯಿದ್ದರೆ, ಹೆಸರುಗಳನ್ನು ತೆಗೆದು ಇಲ್ಲಿ ಹಂಚಿಕೊಂಡರೆ ಬಹಳ ಉಪಕಾರವಾಗುತ್ತದೆ.