ಟಿವಿ ಮುಂದೆ ಎರಡು ಹಣತೆ

ಶನಿವಾರ ಸಂಜೆ ಬಸವನಗುಡಿ ಕಡೆ ಒಂದು ದರ್ಶಿನಿ ಮುಂದೆ ಬೈಟು ಕಾಫಿ ಹಿಡ್ಕೊಂಡು ನಿಂತಿದ್ವಿ, ರಘು ಬಂದೋನೇ "ಗುರು, ಸ್ವಿಚ್ 2 ತಗೊಳ್ತಿದೀನಿ, ಫಿಕ್ಸು" ಅಂದ. ಸ್ವಿಚ್ 2 ಅಂದ್ರೆ ನಿಂಟೆಂಡೋ ಕಂಪನಿಯ ಗೇಮ್ ಡಬ್ಬಿ. ಯಾಕಪ್ಪಾ ಅಂದ್ರೆ ಕೈಕಾಲು ಆಡಿಸ್ಕೊಂಡು ಗೇಮ್ ಆಡಬಹುದಂತೆ, ಹೊಟ್ಟೆ ಕರಗುತ್ತಂತೆ, ಇದೇ ಮಾತು ಮನೇಲೂ ಊದಿ ಹೆಂಡ್ತಿ ಹತ್ರ ಅರ್ಧ ಒಪ್ಪಿಗೆ ತಗೊಂಡಾಗಿದೆಯಂತೆ.

"ಪೂರ್ತಿ ಏನ್ ಹೇಳ್ದೆ?" ಅಂದ ಮಂಜ.

"ಜಿಮ್ಮಿಗೆ ಕಟ್ಟೋ ದುಡ್ಡಲ್ಲಿ ಇದು ಬರುತ್ತೆ ಅಂದೆ."

"ಜಿಮ್ಮಿಗೂ ದುಡ್ಡು ಕಟ್ಟಿ ಹೋಗ್ಲಿಲ್ವಲ್ಲೋ ನೀನು."

ರೇಟು ಬೇರೆ ಕಮ್ಮಿ ಏನಲ್ಲ, 2025ರ ಜೂನಲ್ಲಿ ಅಮೆರಿಕದಲ್ಲಿ ಬಂದಾಗಲೇ 449.99 ಡಾಲರು, ಇಲ್ಲಿ ಹೊರಗಡೆಯಿಂದ ತರಿಸಿ ಮಾರೋ ಅಂಗಡಿಯೋರು ಮುಖ ನೋಡಿ ರೇಟು ಹೇಳ್ತಾರೆ, ರಘು ಮುಖ ನೋಡಿದ್ರಂತೂ ಇನ್ನೂ ಎರಡು ಸಾವಿರ ಜಾಸ್ತಿನೇ ಹೇಳ್ತಾರೆ.

ನಾನು ಅಂದೆ, "ನೋಡಪ್ಪಾ, ಈ ಕೈ ಬೀಸೋ ಆಟದ ಕಥೆ ನಾನು ಮುಂಚೇನೇ ಕಂಡಿದೀನಿ." 2009ರಲ್ಲಿ ನಮ್ಮ ಭಾವ ನ್ಯೂಜೆರ್ಸಿಯಿಂದ ವೀ ತಂದಿದ್ರು, ಅದೂ ನಿಂಟೆಂಡೋದೇ ಗೇಮ್ ಡಬ್ಬಿ, ರಿಮೋಟ್ ಬೀಸಿ ಆಡೋದು. 2006ರಲ್ಲಿ ಬಂದಿದ್ದು ಅದು, ಪ್ರಪಂಚದಲ್ಲಿ ಹತ್ತು ಕೋಟಿ ಮೇಲೆ ಮಾರಾಟ ಆಯ್ತು, ಅಮೆರಿಕದ ಡಬ್ಬೀಲಿ ಬೌಲಿಂಗ್, ಟೆನ್ನಿಸ್ ಎಲ್ಲಾ ಇರೋ ವೀ ಸ್ಪೋರ್ಟ್ಸ್ ಗೇಮ್ ಫ್ರೀ. ನಾನೇನ್ ಮಾಡ್ದೆ, ಖುಷೀಲಿ 120 ವೋಲ್ಟಿನ ಅಡಾಪ್ಟರ್ ತಗೊಂಡೋಗಿ ನಮ್ಮನೆ 230ಕ್ಕೆ ಸಿಗಿಸ್ದೆ. ಟಪ್ ಅಂತು. ಭಾವ ಏನೂ ಅನ್ನಲಿಲ್ಲ, ಎದ್ದು ಹೋಗಿ ಪೇಪರ್ ಓದ್ತಾ ಕೂತ್ರು. ಎಸ್‌ಪಿ ರೋಡಲ್ಲಿ ಮೂರು ದಿನ ಅಲೆದು ಬೇರೆ ಅಡಾಪ್ಟರ್ ತಂದ ಮೇಲೆ ಆಟ ಶುರು.

ಒಂದೇ ತಿಂಗಳಿಗೆ ಇಲಿ ಬಂದು, ಟಿವಿ ಹತ್ರ ಇಡೋ ಸೆನ್ಸರ್ ಬಾರ್ ಅನ್ನೋ ಕಡ್ಡಿಯ ವೈರು ಕಚ್ಚಿ ತುಂಡು ಮಾಡ್ತು. ನಾವೆಲ್ಲಾ ಕಥೆ ಮುಗೀತು ಅಂದ್ಕೊಂಡ್ವಿ, ಆದ್ರೆ ಅಕ್ಕನ ಮಗ ಎಲ್ಲೋ ಓದ್ಕೊಂಡು ಬಂದ, ಆ ಬಾರಲ್ಲಿ ಸೆನ್ಸರೂ ಇಲ್ಲ ಏನೂ ಇಲ್ಲ, ಕಣ್ಣಿಗೆ ಕಾಣದಿರೋ ಇನ್‌ಫ್ರಾರೆಡ್ ದೀಪ ಅಷ್ಟೇ ಎರಡೂ ಕಡೆ, ಕ್ಯಾಮೆರಾ ಇರೋದು ರಿಮೋಟಿನ ಮೂತೀಲಿ ಅಂತ. ಬೆಂಕೀಲೂ ಅದೇ ಬೆಳಕು ಇರುತ್ತಲ್ಲ, ಅಂದ್ರೆ ಟಿವಿ ಮುಂದೆ ಒಂದಡಿ ಅಂತರದಲ್ಲಿ ಯಾವ ಎರಡು ಬೆಂಕಿ ಇಟ್ರೂ ಆಯ್ತು. ದೀಪಾವಳಿ ಬೇರೆ, ಎರಡು ಹಣತೆ ಹಚ್ಚಿಟ್ವಿ. ಸ್ಕ್ರೀನಲ್ಲಿ ಕೈ ಗುರುತು ಟಣ್ ಅಂತ ಬಂತು ನೋಡಿ!

ಒಳಗಿಂದ ಅಜ್ಜಿ ಬಂದವಳು ನೋಡಿ ಅಲ್ಲೇ ನಿಂತ್ಲು. "ಟೀವಿಗೆ ದೀಪ ಹಚ್ಚೋ ಮಟ್ಟಕ್ಕೆ ಬಂದ್ರೇನ್ರೋ" ಅಂದ್ಲು, ಆದ್ರೂ ಅಭ್ಯಾಸ ಬಲ, ಕೈ ಮುಗಿದ್ಲು. ಆಮೇಲೆ ಅವಳ ಕೈಗೆ ರಿಮೋಟ್ ಕೊಟ್ಟು ಪಟ್ಟಿ ಕಟ್ಟಿ ಬೌಲಿಂಗ್ ಹಾಕಿದ್ವಿ. ಎಪ್ಪತ್ತೆಂಟು ವರ್ಷ, ಜನ್ಮದಲ್ಲಿ ಗೇಮ್ ಮುಟ್ಟಿದವಳಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ನಾಲ್ಕು ಹೆಜ್ಜೆ ಹಾಕಿ ಕೈ ಬೀಸಿದ್ಲು, ಹತ್ತಕ್ಕೆ ಹತ್ತೂ ಉರುಳಿದ್ವು. ಗೇಮೊಳಗೆ ಅವಳ ಥರದ್ದೇ ಒಂದು ಗೊಂಬೆನೂ ಮಾಡಿದ್ವಿ, ಬಿಳಿ ಕೂದಲು ಸಿಕ್ತು ಕನ್ನಡಕ ಸಿಕ್ತು ಕುಂಕುಮ ಮಾತ್ರ ಇಲ್ಲ, ಕೊನೆಗೆ ಕೆನ್ನೆಗೆ ಇಡೋ ಮಚ್ಚೇನ ಎಳ್ಕೊಂಡೋಗಿ ಹಣೆಗೆ ಕೂರಿಸಿದ್ವಿ. ಕರೀ ಬೊಟ್ಟು.

"ಅದೇ ಕಣೋ ನಾನ್ ಹೇಳೋದು, ತಗೋಬೇಕು!" ಅಂದ ರಘು.

"ಮುಂದಿಂದು ಕೇಳು." ಹದಿನೈದೇ ದಿನಕ್ಕೆ ಅಕ್ಕನ ಮಗ ಕಂಡುಹಿಡಿದ, ಅಷ್ಟೆಲ್ಲಾ ಕುಣಿಯೋದೇ ಬೇಡ, ರಿಮೋಟ್ ಒಳಗಿರೋದಕ್ಕೆ ಎಷ್ಟು ಜೋರಾಗಿ ಅಲ್ಲಾಡ್ತು ಅಂತಷ್ಟೇ ಬೇಕು, ದಿವಾನ್ ಮೇಲೆ ಮಲಗಿ ಮಣಿಕಟ್ಟು ಒಂಚೂರು ಕೊಡವಿದ್ರೂ ಟೆನ್ನಿಸಲ್ಲಿ ಗೆಲ್ಲಬಹುದು. ಆಮೇಲೆ ಅಜ್ಜಿ ನಿಂತ್ಕೊಂಡು ಆಡೋಳು, ನಾವು ಮಲಗಿ ಆಡೋರು. ವ್ಯಾಯಾಮ ಆಗಿದ್ದು ಅಜ್ಜಿಗೆ ಒಬ್ಬಳಿಗೇ.

ಮಂಜ ಇಂಥದ್ರಲ್ಲಿ ಸ್ವಲ್ಪ ಪಂಡಿತ. "ಅದಕ್ಕೇ 2009ರಲ್ಲಿ ಮೋಷನ್‌ಪ್ಲಸ್ ಅಂತ ರಿಮೋಟಿಗೆ ಸಿಗಿಸೋ ಬಾಲ ಬಿಟ್ರು, ಒಳಗೆ ಗೈರೋ ಇಟ್ಟು, ಕೈ ಎಷ್ಟು ತಿರುಗ್ತು ಅಂತಾನೂ ಲೆಕ್ಕಕ್ಕೆ ಬರ್ತಿತ್ತು" ಅಂದ.

"ಅದಕ್ಕೆ ಇನ್ನೊಂದ್ ಸಲ ದುಡ್ಡು ಬಿಚ್ಚಬೇಕಿತ್ತು. ನಿಮ್ದೆಲ್ಲಾ ಏನ್ರೋ, ಕೈನೆಕ್ಟಲ್ಲಿ ಕೈಗೆ ಏನೂ ಬೇಡ, ಮೈಯೇ ರಿಮೋಟು" ಅಂತ ಎಗರಿದ ಸೀನ. ಕೈನೆಕ್ಟ್ ಅಂದ್ರೆ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಗೇಮ್ ಡಬ್ಬಿಗೆ ಹಾಕೋ, ಆಡೋರ ಮೈ ನೋಡೋ ಕ್ಯಾಮೆರಾ, 2010ರಲ್ಲಿ ಬಂದಾಗಲೇ ತಗೊಂಡವನು ಅವನು. ಒಬ್ಬ ಆಡೋಕೆ ಟಿವಿಯಿಂದ ಆರಡಿ ಜಾಗ ಬೇಕು, ಇಬ್ಬರಿಗೆ ಎಂಟಡಿ, ಇವನ ಹಾಲು ಹತ್ತಕ್ಕೆ ಹತ್ತು. ಮೊದ್ಲು ಟೀಪಾಯಿ ಆಚೆಗೆ ಹೋಯ್ತು, ಆಮೇಲೆ ದಿವಾನ್, ಆಮೇಲೆ ಅತ್ತೆ ಕೂರೋ ಕುರ್ಚಿ, ಮನೇಲಿ ಜಗಳ ಶುರುವಾಗಿದ್ದು ಅಲ್ಲಿಂದ. ತಪ್ಪು ಕೈನೆಕ್ಟಿಂದಲ್ಲ ಬಿಡಿ, ಹಾಲಿಂದು.

"ನೀನು ಬಿಟ್ರೂ ಕಂಪನಿ ಬಿಡಲಿಲ್ಲ" ಅಂದ ಮಂಜ. "2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಅದನ್ನೂ ಕಟ್ಟಿ 499 ಡಾಲರ್ ಇಟ್ರು, ಪಕ್ಕದಲ್ಲಿ ಸೋನಿಯೋರ ಪಿಎಸ್4 399. ಒಂದು ವರ್ಷ ಆಗೋದ್ರೊಳಗೆ ಕೈನೆಕ್ಟ್ ಇಲ್ದೇ ಇರೋ ಡಬ್ಬಿ 399ಕ್ಕೆ ಬಂತು, 2017ಕ್ಕೆ ಮಾಡೋದೇ ನಿಲ್ಲಿಸಿದ್ರು."

"ಹಂಗಾದ್ರೆ ಈ ಕೈ ಬೀಸೋ ಮೋಷನ್ ಆಟ ಸತ್ತೋಯ್ತು ಅಂತೀರಾ?" ರಘು ಮುಖ ಇಷ್ಟೇ ಇಷ್ಟಾಯ್ತು.

"ಸತ್ತಿಲ್ಲಪ್ಪಾ, ಸಣ್ಣಗಾಗಿದೆ. ಸ್ಪ್ಲಟೂನ್ ಅನ್ನೋ ಶೂಟಿಂಗ್ ಗೇಮ್ ಆಡೋರನ್ನ ನೋಡು, ದೊಡ್ಡ ತಿರುವು ಹೆಬ್ಬೆರಳಲ್ಲಿ, ಗುರಿ ಕೂರಿಸೋದು ಮಾತ್ರ ಕಂಟ್ರೋಲರ್ ಒಂಚೂರು ವಾಲಿಸಿ. ಅದು ನಿಜವಾಗ್ಲೂ ಚೆನ್ನಾಗಿದೆ, ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ಲ. ಆದ್ರೆ ಅದ್ರಿಂದ ಹೊಟ್ಟೆ ಕರಗಲ್ಲ, ಮತ್ತೆ ಆ ಗೈರೋ ನಿನ್ನ ಮನೇಲಿರೋ ಪಿಎಸ್5 ಕಂಟ್ರೋಲರಲ್ಲೂ ಇದೆ" ಅಂದ ಮಂಜ.

"ಇದೆಯಾ?"

"ಮೂರು ವರ್ಷದಿಂದ ಕೈಲಿ ಹಿಡ್ಕೊಂಡಿದೀಯಲ್ಲೋ!"

ರಘು ಸುಲಭಕ್ಕೆ ಸೋಲೋನಲ್ಲ. ಕೊನೇ ಅಸ್ತ್ರ ತೆಗೆದ, ರಿಂಗ್ ಫಿಟ್ ಅನ್ನೋ ವ್ಯಾಯಾಮದ ಗೇಮು. ಬಳೆ ಥರ ದೊಡ್ಡ ರಿಂಗು ಅದುಮಬೇಕು, ತೊಡೆಗೆ ಪಟ್ಟಿ ಕಟ್ಕೊಂಡು ನಿಂತಲ್ಲೇ ಓಡಬೇಕು. ಅದ್ರಲ್ಲಿ ನಿಜವಾಗ್ಲೂ ಬೆವರು ಬರುತ್ತೆ, ಅಷ್ಟು ನಾವೂ ಒಪ್ಕೊಂಡ್ವಿ. ಆದ್ರೆ ಮಂಜನ ಹತ್ರ ಅದಕ್ಕೂ ಮದ್ದಿತ್ತು: ಅದು ಬಂದಿದ್ದು 2019ರಲ್ಲಿ ಹಳೇ ಸ್ವಿಚ್‌ಗೆ, ಸ್ವಿಚ್ 2ರಲ್ಲಿ ಆಡಬೇಕಂದ್ರೂ ಹಳೇ ಜಾಯ್‌ಕಾನ್, ಅಂದ್ರೆ ಹಳೇ ಸ್ವಿಚ್ಚಿನ ಕಂಟ್ರೋಲರೇ ಬೇಕು, ಹೊಸ ಜಾಯ್‌ಕಾನ್ ಆ ರಿಂಗಿಗೆ ಕೂರಲ್ಲ. ಅಂದ್ರೆ ಹೊಟ್ಟೆ ಕರಗಿಸೋಕೆ ಹೊಸದು ತಗೊಂಡು, ಅದಕ್ಕೆ ಅಂತ ಹಳೇದನ್ನೂ ತಗೋಬೇಕು.

ನಂಗೆ ಅನ್ಸೋದು ಇಷ್ಟೇ, ದಿನಾ ಆಡೋನು ಎರಡೇ ವಾರದಲ್ಲಿ ದಿವಾನ್ ಮೇಲೆ ಮಲಗ್ತಾನೆ, ಕೈ ಬೀಸೋ ಆಟ ಇರೋದು ಯಾವತ್ತೂ ಆಡದೇ ಇರೋರಿಗೆ, ಅಜ್ಜಿಗೆ, ಹಬ್ಬಕ್ಕೆ ಬಂದ ಚಿಕ್ಕಪ್ಪಂಗೆ. ರಘು ಮನೆಗೆ ಹಬ್ಬಕ್ಕೂ ಯಾರೂ ಬರಲ್ಲ, ಹೋದ್ರೆ ಹೊಸ ಟಿವಿ ಕಂತಿನ ಕಥೆ ಶುರು ಮಾಡ್ತಾನೆ.

ಅಷ್ಟೊತ್ತಿಗೆ ಅವನ ಹೆಂಡ್ತಿ ಫೋನು. "ಹ್ಞೂಂ, ಇಲ್ಲಾ, ಇನ್ನೂ ತಗೊಂಡಿಲ್ಲಾ" ಅಂತಾನೇ ಫೋನು ಕಿವೀಲಿ ಹಂಗೇ ಇಟ್ಕೊಂಡು ನನ್ನ ಕಡೆ ತಿರುಗಿ, "ನಿಮ್ಮನೆ ಅಟ್ಟದ ಮೇಲಿರೋ ಆ ವೀ ಒಂದು ತಿಂಗಳು ಕೊಡ್ತೀಯಾ, ಟ್ರಯಲ್ಲು" ಅಂದ.

"ಕೊಡ್ತೀನಿ, ಆದ್ರೆ ಹಣೇಲಿ ಕರೀ ಬೊಟ್ಟಿರೋ ಅಜ್ಜಿ ಗೊಂಬೆ ಇದ್ಯಲ್ಲ, ಅದನ್ನ ಅಳಿಸಬಾರ್ದು, ಅವಳೇ ಇಲ್ಲ ಈಗ. ಇನ್ನೊಂದು, ಬಾರ್ ಇನ್ನೂ ರಿಪೇರಿ ಆಗಿಲ್ಲ, ಬಾರ್ ಇಲ್ದೇನೇ ನಡೆಸ್ಕೋಬೇಕು ನೀನು."

ಫೋನಿಂದ ನಮಗೆಲ್ಲಾ ಕೇಳೋ ಹಂಗೆ ಬಂತು: "ಯಾವ್ ಬಾರು? ರೀ, ಕಾಫಿ ಅಂತ ಹೇಳಿ ಎಲ್ಲಿದೀರಾ ನೀವು?"