ಇಟಲಿಗೆ ಮೊದಲ ಸಲ, ಅಮ್ಮನ ಜೊತೆ. ನೇಪಲ್ಸ್ ಸೇರಿಸಬಹುದಾ?

ಪ್ರಶ್ನೆ (ಮೈಸೂರಿನಿಂದ):
ಜೂನ್‌ನಲ್ಲಿ ಐದು ಜನ ಹೊರಟಿದ್ದೇವೆ, ಹತ್ತು ದಿನ. ರೋಮ್, ಫ್ಲಾರೆನ್ಸ್, ವೆನಿಸ್ ಅಂದುಕೊಂಡಿದ್ದೇವೆ. ಅಮ್ಮನಿಗೆ 68, ಮಂಡಿನೋವು ಇದೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಕ್ಕಳಿಗೆ 9 ಮತ್ತು 13. ನೇಪಲ್ಸ್ ಕೂಡ ಸೇರಿಸಬಹುದಾ?

ಉತ್ತರ 1:
ನೇಪಲ್ಸ್ ಬಿಡಿ ಅಕ್ಕ. ನಾವು ಅತ್ತೆಯನ್ನು ಕರೆದುಕೊಂಡು ನಾಲ್ಕು ಊರು ಸುತ್ತಿದೆವು. ನೆನಪಿರುವುದು ಸೂಟ್‌ಕೇಸ್ ಎಳೆದದ್ದೇ ಜಾಸ್ತಿ. ರೋಮ್‌ಗೆ ನಾಲ್ಕು ರಾತ್ರಿ ಕೊಡಿ. ಅಲ್ಲಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಅಷ್ಟೆ.

ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ರೂಮಿಗೆ ಬಂದು ಮಲಗಿ. ಬಿಸಿಲು ಅಮ್ಮನಿಗೆ ಆಗುವುದಿಲ್ಲ. ನೀರಿನ ಬಾಟಲಿ ಸುಮ್ನೆ ಕೊಳ್ಳಬೇಡಿ. ರೋಮ್‌ನ ಬೀದಿಗಳಲ್ಲಿ ಕಬ್ಬಿಣದ ಗಿಡ್ಡ ಕಂಬಗಳಿವೆ, ಅದರ ಬಾಗಿದ ನಳಿಗೆಯಲ್ಲಿ ತಣ್ಣನೆ ನೀರು ಸುರಿಯುತ್ತಲೇ ಇರುತ್ತದೆ. ನಳಿಗೆಯ ಬಾಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಹಾಗೇ ಬಾಯಿಟ್ಟು ಕುಡಿಯಬಹುದು. ನನ್ನ ಮಗಳು ಪ್ರತಿ ಕಂಬದ ಹತ್ತಿರವೂ ನಿಂತಳು!

ಕೊಲೋಸಿಯಂನಲ್ಲಿ 18 ವರ್ಷದೊಳಗಿನವರಿಗೆ ಟಿಕೆಟ್ ಹಣವಿಲ್ಲ. ಸೇಂಟ್ ಪೀಟರ್ಸ್ ಚರ್ಚಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಅಮ್ಮನ ಸೀರೆಗೆ ಅಲ್ಲಿ ಚಿಂತೆಯೇ ಇಲ್ಲ.

ಉತ್ತರ 2:
ಊಟದ ವಿಷಯ ಹೇಳುತ್ತೇನೆ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲನ್ನು ಗಟ್ಟಿಯಾಗಿಸುವ ಪದಾರ್ಥ) ಹಾಕುತ್ತಾರೆ. ಅಮ್ಮನಿಗೆ ಮೊದಲೇ ತಿಳಿಸಿಬಿಡಿ, ಆಮೇಲೆ ಗೊತ್ತಾದರೆ ಬೇಜಾರು ಅಲ್ವಾ? ‘ಸೆಂಜಾ ಫೊರ್ಮಾಜ್ಜೋ’ ಅಂದರೆ ಚೀಸ್ ಹಾಕುವುದಿಲ್ಲ. ಟೊಮೇಟೊ ಪಾಸ್ತಾ ಎಲ್ಲ ಕಡೆ ಸಿಗುತ್ತದೆ. ವೆನಿಸ್‌ನಲ್ಲಿ ಸೇತುವೆಗಳಿಗೆಲ್ಲ ಮೆಟ್ಟಿಲು. ದೋಣಿ ನಿಲ್ದಾಣದ ಪಕ್ಕದಲ್ಲೇ ರೂಮ್ ಮಾಡಿ.

ಪ್ರಶ್ನೆ ಕೇಳಿದವರು:
ನೇಪಲ್ಸ್ ಬಿಟ್ಟೆ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.